ತಾತನ ಮೂರು ತಿಂಗಳು

ಫೆಬ್ರವರಿ ೧೧, ೨೦೦೧, ಭಾನುವಾರ

ಭಿನ್ನರಾಶಿಯ ಕಿರುಪರೀಕ್ಷೆಯಲ್ಲಿ ಯಶಸ್‌ಗೆ ಇಪ್ಪತ್ತೈದಕ್ಕೆ ಮೂರು ಬಂದಿದೆ. ಬೆಳಿಗ್ಗೆಯೇ ದೊಡ್ಡಪ್ಪ ನಡುಗೋಡೆಯ ಆಚೆಯಿಂದ ಕರೆದು, ಹೇಗೂ ಖಾಲಿ ಕೂತಿದ್ದೀಯಲ್ಲ, ನನ್ನ ಮಗನಿಗೆ ಲೆಕ್ಕ ಹೇಳಿಕೊಡು ಎಂದರು. ಖಾಲಿ ಕೂತಿರುವುದು ನಿಜ. ಹತ್ತನೇ ಕ್ಲಾಸನ್ನು ಅರ್ಧಕ್ಕೆ ಬಿಟ್ಟೆ. ಹಾಸನದ ಎಸ್‌ಟಿಡಿ ಬೂತಿನಲ್ಲಿ ಎರಡು ತಿಂಗಳಿದ್ದೆ, ಚನ್ನರಾಯಪಟ್ಟಣದ ಜೆರಾಕ್ಸ್ ಅಂಗಡಿಯಲ್ಲಿ ಅಷ್ಟೂ ಇರಲಿಲ್ಲ. ಯಾರೂ ಓಡಿಸಿದ್ದಲ್ಲ, ನಾನೇ ಎದ್ದು ಬಂದೆ. ಕೂತ ಕಡೆ ಕೂರುವುದು ನನ್ನಿಂದ ಆಗುವುದಿಲ್ಲ.

ಯುಗಾದಿ ಕಳೆದರೆ ಗುಡಿಯಲ್ಲಿ ಅಪ್ಪನ ಪೂಜೆಯ ಪಾಳಿ ನನ್ನದಾಗುತ್ತದೆ. ಶ್ರಾವಣದ ಎರಡನೆಯ ಅರ್ಧ, ಆಮೇಲೆ ಇಡೀ ಭಾದ್ರಪದ. ಒಂದೂವರೆ ತಿಂಗಳು ಪೂಜೆ ನನ್ನದು, ತಟ್ಟೆಗೆ ಬಿದ್ದದ್ದೂ ನನ್ನದು. ಉಳಿದ ಕಾಲ ಯಾವ ಬಸ್ಸು ಬೇಕಾದರೂ ಹತ್ತಬಹುದು. ಅಲ್ಲಿಯವರೆಗೆ ಈ ಮೇಷ್ಟರ ಕೆಲಸ ಮಾಡಿದರಾಯಿತು.

ಯಶಸ್ ಜೊತೆಗೆ ಶರ್ವಾಣಿಯೂ ಬಂದು ಕೂತಳು. ಅವಳೂ ನಾಲ್ಕನೇ ಕ್ಲಾಸೇ. ಸಂಪತ್ಕುಮಾರ ಚಿಕ್ಕಪ್ಪ ತೀರಿಕೊಂಡಾಗ ತೊಟ್ಟಿಲಲ್ಲಿದ್ದ ಕೂಸು. ಅವಳೂ ಅವಳಮ್ಮ ಕಾವೇರಮ್ಮ ಚಿಕ್ಕಮ್ಮನೂ ದೊಡ್ಡಪ್ಪನ ಅಡುಗೆಮನೆಯ ಹಿಂದಿನ ಕೋಣೆಯಲ್ಲಿದ್ದಾರೆ. ಪರೀಕ್ಷೆ ಮುಗಿದ ಮೇಲೆ ಚಿಕ್ಕಮ್ಮ ಅರಕಲಗೂಡಿನ ಛತ್ರವೊಂದಕ್ಕೆ ಅಡುಗೆಗೆ ಹೋಗುತ್ತಾರೆ, ಹುಡುಗಿ ಹಾಸನದ ಹಾಸ್ಟೆಲ್ಲಿಗೆ. ದೊಡ್ಡಪ್ಪ ಎಲ್ಲ ಮಾತಾಡಿ ಮುಗಿಸಿದ್ದಾರೆ.

ಮೊದಲ ಪ್ರಶ್ನೆ ಸುಲಭದ್ದೇ ಇರಲಿ ಎಂದು, ನಾಲ್ಕರಲ್ಲೊಂದು ದೊಡ್ಡದೋ ಎಂಟರಲ್ಲೊಂದು ದೊಡ್ಡದೋ ಎಂದು ಯಶಸ್‌ನನ್ನು ಕೇಳಿದೆ. ಅವನು ನನ್ನನ್ನೇ ಕನಿಕರದಿಂದ ನೋಡಿದ.

"ಎಂಟು ದೊಡ್ಡದಲ್ವಾ ಮುರಳಣ್ಣ? ನಿಂಗೆ ಅದೂ ಗೊತ್ತಿಲ್ವಾ?"

ದಂಗಾದೆ. ಮೂರು ಅಂಕವಾದರೂ ಹೇಗೆ ಬಂತೋ.

ಫೆಬ್ರವರಿ ೧೩, ಮಂಗಳವಾರ

ದೋಸೆಯ ಪಾಠ. ಚಿಕ್ಕಮ್ಮ ಎರಡು ದೋಸೆ ಹುಯ್ದುಕೊಟ್ಟರು. ಒಂದನ್ನು ನಾಲ್ಕು ತುಂಡು ಮಾಡಿದೆ, ಇನ್ನೊಂದನ್ನು ಎಂಟು. ಒಂದೇ ಒಂದು ತುಂಡು ತೆಗೆದುಕೊ ಎಂದರೆ ಯಶಸ್ ಯೋಚನೆಯನ್ನೇ ಮಾಡದೆ ನಾಲ್ಕು ಮಾಡಿದ ದೋಸೆಗೆ ಕೈ ಹಾಕಿದ. ಯಾಕೋ ಎಂದರೆ, ಅದು ದೊಡ್ಡದು ಎಂದ. ಹಾಗಾದರೆ ನಾಲ್ಕರಲ್ಲೊಂದು ದೊಡ್ಡದೋ ಎಂಟರಲ್ಲೊಂದೋ? ಬಾಯಿ ತುಂಬ ದೋಸೆ ಇಟ್ಟುಕೊಂಡೇ, ಎಂಟು ಎಂದ. ಅವನ ಹೊಟ್ಟೆಗೆ ಗೊತ್ತಿರುವುದು ಸ್ಲೇಟಿನವರೆಗೆ ಬರುವುದೇ ಇಲ್ಲ. ಇಂಥದ್ದೊಂದು ಇರಬಹುದೆಂದು ನಾನು ಎಣಿಸಿಯೇ ಇರಲಿಲ್ಲ. ನನಗೆ ಪಾಠ ಮಾಡಿದ ಮೇಷ್ಟರುಗಳೂ ಹೀಗೆ ದಂಗಾಗುತ್ತಿದ್ದರೋ, ಅಥವಾ ನೋಡುತ್ತಲೇ ಇರಲಿಲ್ಲವೋ.

ಶರ್ವಾಣಿಯದು ಬೇರೆ ತಕರಾರು. ಅರ್ಧ ಎಂದರೇನೆಂದು ತೋರಿಸಲು ಒಡೆದ ತೆಂಗಿನಕಾಯಿಯ ಒಂದು ಹೋಳು ಹಿಡಿದೆ. ಇದು ಅರ್ಧ ಅಲ್ಲ ಎಂದಳು. ಮತ್ತೇನು ಎಂದೆ. ಇದು ಹೋಳು, ಎರಡೂ ಸಮ ಇಲ್ಲ, ಸಮ ಇಲ್ಲದೇ ಇದ್ದರೆ ಅರ್ಧ ಅನ್ನಬಾರದು ಎಂದಳು. ಎರಡು ಹೋಳನ್ನೂ ಬಾಯಿಗೆ ಬಾಯಿ ಇಟ್ಟು ನೋಡಿದೆ. ಹುಡುಗಿ ಹೇಳಿದ್ದು ಸರಿ.

ಫೆಬ್ರವರಿ ೨೨, ಗುರುವಾರ

ಜೀವ ತಡೆಯಲಿಲ್ಲ. ಚೀಲ ಹಿಡಿದು ಬಸ್‌ಸ್ಟ್ಯಾಂಡಿಗೆ ಹೋದೆ. ಹಾಸನದ ಬಸ್ಸು ಬಂತು, ಸೀಟೂ ಇತ್ತು. ಯಶಸ್‌ಗೆ ನಾಳೆ ಕಾಗದ ಮಡಿಚಿ ತೋರಿಸುತ್ತೇನೆ ಎಂದಿದ್ದೆ. ಅದೊಂದು ಮುಗಿಯಲಿ ಎಂದು ವಾಪಸ್ಸಾದೆ.

ಗುಡಿಗೆ ಹೂ ಕೊಡುವ ಲಕ್ಕಮ್ಮ ಅಲ್ಲೇ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. "ಏನ್ ಚಿಕ್ಕಯ್ನೋರೇ, ಚೀಲಕ್ಕೆ ಗಾಳಿ ಕುಡಿಸ್ಕಂಡು ಬಂದ್ಬುಟ್ರಾ?" ಎಂದಳು. ಸುತ್ತಲಿನವರೆಲ್ಲ ನಕ್ಕರು.

ಮಾರ್ಚ್ ೪, ಭಾನುವಾರ

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ದೋಸೆ, ಕಾಗದ ಎಲ್ಲ ಮುಗಿದಿತ್ತು. ಹುಡುಗರಿಗೆ ಗೊತ್ತಿರುವ ವಿಷಯದಿಂದಲೇ ಲೆಕ್ಕ ಮಾಡಿಸೋಣ ಎಂದು ಗುಡಿಯ ಪಾಳಿ ಹಿಡಿದುಕೊಂಡೆ. ಜಗಲಿ ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಹನ್ನೆರಡು ಮನೆ ಬರೆದೆ, ತಿಂಗಳಿಗೊಂದು. ಹೊಳೆ ದಂಡೆಯ ನಮ್ಮ ಗುಡಿಯ ಪೂಜೆ ನಾಲ್ಕು ಮನೆತನದವರದು, ಒಂದೊಂದು ಮನೆತನಕ್ಕೂ ಮೂರು ತಿಂಗಳು. ಅಂದರೆ ತಾತನ ಪಾಲು ವರ್ಷದಲ್ಲಿ ನಾಲ್ಕರಲ್ಲೊಂದು. ಆಷಾಢ, ಶ್ರಾವಣ, ಭಾದ್ರಪದ. ಇಲ್ಲಿಯವರೆಗೆ ಇಬ್ಬರಿಗೂ ಅರ್ಥವಾಯಿತು. ಈಗ ಈ ಮೂರು ಮನೆಗಳನ್ನು ನಿಮ್ಮ ನಿಮ್ಮ ಸ್ಲೇಟಿನಲ್ಲಿ ಬರೆದುಕೊಂಡು ತಾತನ ಮಕ್ಕಳಿಗೆ ಸಮವಾಗಿ ಹಂಚಿ ಎಂದೆ.

ಯಶಸ್ ಮನೆಯಲ್ಲಿ ಕಂಡದ್ದನ್ನೇ ಮಾಡಿದ. ಆಷಾಢ ತನ್ನಪ್ಪನಿಗೆ, ಭಾದ್ರಪದ ನನ್ನಪ್ಪನಿಗೆ, ಶ್ರಾವಣದ ನಡುವೆ ಗೆರೆ ಎಳೆದು ಆ ಕಡೆ ಅರ್ಧ, ಈ ಕಡೆ ಅರ್ಧ. ಒಬ್ಬೊಬ್ಬರಿಗೆ ಒಂದೂವರೆ ತಿಂಗಳು, ವರ್ಷದಲ್ಲಿ ಎಂಟರಲ್ಲೊಂದು. ನಾನು ಯೋಚಿಸಿಟ್ಟಿದ್ದ ಉತ್ತರವೂ ಅದೇ. ಬೆನ್ನು ತಟ್ಟಿದೆ.

ಶರ್ವಾಣಿ ಗೆರೆಯನ್ನೇ ಎಳೆದಿರಲಿಲ್ಲ. ಒಂದೊಂದು ಮನೆಯೊಳಗೆ ಒಂದೊಂದು ಹೆಸರು ಬರೆದು ಕೂತಿದ್ದಳು. ಆಷಾಢದಲ್ಲಿ ದೊಡ್ಡಪ್ಪ, ಭಾದ್ರಪದದಲ್ಲಿ ನಮ್ಮಪ್ಪ, ಶ್ರಾವಣದಲ್ಲಿ ಸಂಪತ್ಕುಮಾರ.

ಇದೇನೇ ಎಂದೆ.

"ನಮ್ಮಪ್ಪನೂ ತಾತನ ಮಗನೇ ಅಲ್ವಾ ಅಣ್ಣ? ಮೂರು ಜನಕ್ಕೆ ಮೂರು ತಿಂಗಳು. ಮುರಿಯೋದೇ ಬೇಡ."

ತಪ್ಪು ಹುಡುಕಿದೆ. ಸಿಗಲಿಲ್ಲ. ಸಮವಾಗಿ ಹಂಚು ಎಂದವನು ನಾನು. ತಾತನ ಮಕ್ಕಳಿಗೆ ಎಂದವನೂ ನಾನೇ. ತಾತನಿಗೆ ಇಬ್ಬರೇ ಮಕ್ಕಳೆಂದು ನನಗೆ ಯಾರೂ ಹೇಳಿರಲಿಲ್ಲ. ನಾನೇ ಹಾಗೆ ಎಣಿಸಿಕೊಂಡು ಬಂದಿದ್ದೆ. ಗುಡಿಯಲ್ಲಿ ಶ್ರಾವಣ ಶನಿವಾರ ಯಾರೋ ಕಂಚಿನ ಕಂಠದಲ್ಲಿ ಹಾಡುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಅದು ಚಿಕ್ಕಪ್ಪ. ಆ ತಿಂಗಳು ಅವರದ್ದಾಗಿತ್ತು ಎಂಬುದು ಒಂದು ದಿನವೂ ತಲೆಗೆ ಹೊಳೆದಿರಲಿಲ್ಲ. ಮೂರು ತಿಂಗಳಲ್ಲಿ ಒಂದನ್ನು ಮಾತ್ರ ಯಾಕೆ ನಡುವೆ ಸೀಳಿದ್ದಾರೆ ಎಂದೂ ಕೇಳಿರಲಿಲ್ಲ.

ಶರ್ವಾಣಿ ಸ್ಲೇಟು ಮುಂದೆ ಹಿಡಿದಳು. ಹನ್ನೆರಡರಲ್ಲೊಂದು ಎಂದು ಬರೆದಿದ್ದಳು. ಸರಿ ಎಂದು ಗುರುತು ಹಾಕಿದೆ. ಯಶಸ್‌ಗೂ ಹಾಕಿದ್ದೆನಲ್ಲ, ಅದನ್ನು ಹೊಡೆದುಹಾಕಬೇಕಾಯಿತು.

ಮಾರ್ಚ್ ೫, ಸೋಮವಾರ

ಅಪ್ಪ ಗುಡಿಯಿಂದ ಬಂದು ಕಾಲು ತೊಳೆಯುತ್ತಿದ್ದಾಗಲೇ ಕೇಳಿದೆ. ಸುತ್ತಿಬಳಸಿ ಕೇಳುವುದು ನನಗೆ ಬರುವುದಿಲ್ಲ. ಶ್ರಾವಣ ಚಿಕ್ಕಪ್ಪನದಾ?

ಚೊಂಬು ಕೆಳಗಿಟ್ಟರು. ಹೌದು ಎಂದರು. ಸುಳ್ಳು ಹೇಳುತ್ತಾರೆಂದುಕೊಂಡಿದ್ದೆ, ಹೇಳಲಿಲ್ಲ. ಅದೇ ಇನ್ನೂ ಕಷ್ಟವಾಯಿತು.

ಗಂಡಸು ಇಲ್ಲದ ಮನೆಯ ಪಾಳಿಯನ್ನು ಆ ಮನೆಯವರು ಒಪ್ಪಿದ ಬೇರೊಬ್ಬರು ಮಾಡಿ, ಬಂದದ್ದರಲ್ಲಿ ಅರ್ಧ ಆ ಮನೆಗೆ ಕೊಡುವುದು ನಮ್ಮ ಗುಡಿಯಲ್ಲಿ ಮೊದಲಿನಿಂದ ಇರುವ ಪದ್ಧತಿಯಂತೆ. ಚಿಕ್ಕಪ್ಪ ಹೋದ ವರ್ಷ ಅಣ್ಣತಮ್ಮಂದಿರು ಹಾಗೇ ಮಾಡಿದರಂತೆ. ಮರುವರ್ಷ, ಅವಳು ನಮ್ಮ ಮನೆಯಲ್ಲೇ ಊಟ ಮಾಡುತ್ತಾಳಲ್ಲ, ಬೇರೆ ಯಾಕೆ ಕೊಡಬೇಕು ಎಂದು ದೊಡ್ಡಪ್ಪ ಅಂದರಂತೆ. ಅಪ್ಪ ಸುಮ್ಮನಿದ್ದರಂತೆ. ಅದರ ಮುಂದಿನ ಯುಗಾದಿಗೆ ಎರಡೇ ಪಾಲು ಅಂದರಂತೆ.

"ಆ ಮನೆಗೆಲ್ಲ ಬೇಯಿಸಿ ಹಾಕ್ತಿದ್ದವರೇ ಚಿಕ್ಕಮ್ಮ ಅಲ್ವಾಪ್ಪ?" ಎಂದೆ.

"ಈ ಸಲ ಆ ಅರ್ಧ ಶ್ರಾವಣ ಬರೋದು ನಿಂಗೆ ಕಣೋ," ಎಂದರು ಅಪ್ಪ. "ಅದು ಬಿಟ್ರೆ ಭಾದ್ರಪದದಲ್ಲಿ ಏನಿದೆ? ಪಿತೃಪಕ್ಷದಲ್ಲಿ ಯಾವ ಭಕ್ತ ಬರ್ತಾನೆ? ಓದಲಿಲ್ಲ, ಒಂದು ಕಡೆ ನಿಲ್ಲಲಿಲ್ಲ. ನಾನು ಯಾರಿಗೋಸ್ಕರ ಸುಮ್ಮನಿದ್ದೆ ಅಂದ್ಕೊಂಡೆ?"

ಚೊಂಬು ಎತ್ತಿ, ಉಳಿದ ನೀರನ್ನು ಕಾಲಿಗೆ ಹುಯ್ದುಕೊಂಡು ಒಳಗೆ ಹೋದರು.

ಮಾರ್ಚ್ ೭, ಬುಧವಾರ

ಯಶಸ್ ಕೆಂಪು ಕಿವಿ ಹಿಡಿದುಕೊಂಡು ಬಂದ. ಊಟದ ಎಲೆ ಮುಂದೆ ಕೂತು ಅವರಪ್ಪನಿಗೆ ಸಂತೋಷದ ಸುದ್ದಿ ಹೇಳಿದನಂತೆ. ಇಷ್ಟು ದಿನ ನಮ್ಮ ಪಾಲು ಎಂಟರಲ್ಲೊಂದು ಇತ್ತು, ಶರ್ವಾಣಿ ಮಾಡಿದ ಲೆಕ್ಕದಲ್ಲಿ ಹನ್ನೆರಡರಲ್ಲೊಂದಕ್ಕೆ ಏರಿತು, ಮುರಳಣ್ಣ ಸರಿ ಅಂತ ಗುರುತೂ ಹಾಕಿದ ಎಂದು.

"ಜಾಸ್ತಿ ಆಯ್ತು ಅಂದ್ರೂ ಕಿವಿ ಹಿಂಡ್ತಾರೆ," ಎಂದ. ಮೂರು ವಾರ ದೋಸೆ ತಿನ್ನಿಸಿದ್ದು ದಂಡವಾಯಿತು.

ಅವನ ಹಿಂದೆಯೇ ದೊಡ್ಡಪ್ಪ ಬಂದರು. ಲೆಕ್ಕ ಹೇಳಿಕೊಡು ಎಂದರೆ ಮನೆ ಮುರಿಯುವುದನ್ನು ಹೇಳಿಕೊಡುತ್ತೀಯಾ ಎಂದು ಕೇಳಿದರು. ನಾನು ಹೇಳಿಕೊಟ್ಟಿದ್ದಲ್ಲ, ಅವಳೇ ಮಾಡಿದ್ದು, ಆದರೆ ಮಾಡಿದ್ದು ಸರಿ ಇದೆ ಎಂದೆ. ಇದನ್ನು ಹೇಳದೇ ಇರಬಹುದಿತ್ತು. ಪಾಠ ಇವತ್ತಿಗೆ ಬಂದ್. ಜಗಲಿಯ ಮೇಲಿದ್ದ ಹನ್ನೆರಡು ಮನೆಗಳ ಮೇಲೆ ನೀರು ಹುಯ್ದು, ನಿಂತು ಪೊರಕೆಯಲ್ಲಿ ತಿಕ್ಕಿಸಿದರು. ತಿಕ್ಕಿದವರು ಚಿಕ್ಕಮ್ಮ.

ಇನ್ನೊಂದು ಸುದ್ದಿ. ಚಿಕ್ಕಮ್ಮ ಅರಕಲಗೂಡಿಗೆ ಹೋಗುವುದು ಪರೀಕ್ಷೆ ಮುಗಿದ ಮೇಲಲ್ಲವಂತೆ. ಯುಗಾದಿ ಮರುದಿನವೇ.

ಮಾರ್ಚ್ ೯, ಶುಕ್ರವಾರ

ಬಾವಿ ಹತ್ತಿರ ಚಿಕ್ಕಮ್ಮ ಒಬ್ಬರೇ ಸಿಕ್ಕರು. ನಾನು ನಿಮ್ಮ ಪರವಾಗಿ ಯುಗಾದಿಯ ದಿನ ನಾಲ್ಕು ಮನೆತನದವರ ಮುಂದೆ ಮಾತಾಡುತ್ತೇನೆ ಎಂದೆ. ಒಳ್ಳೆಯ ಮಾತು ಹೇಳಿದೆನೆಂದು ನನಗೆ ನಾನೇ ಅಂದುಕೊಂಡಿದ್ದೆ. ಅವರು ಹಗ್ಗ ಬಿಟ್ಟುಬಿಟ್ಟರು. ಕೊಡ ದಬಾರನೆ ನೀರಿಗೆ ಬಿತ್ತು.

"ನಿನ್ನ ಯಾರು ಕೇಳಿದ್ರೋ ಮುರಳಿ? ನನಗೆ ಗೊತ್ತಿಲ್ದೇ ಇತ್ತಾ ಅದು ಯಾರ ತಿಂಗಳು ಅಂತ? ನೀನು ನಿಜ ಹೇಳಿ ಬಸ್ ಹತ್ತಿ ಹೋಗ್ತೀಯ. ನಾನು ಅದೇ ಒಲೆ ಮುಂದೆ ಕೂತಿರಬೇಕು. ಅವಳ ಪರೀಕ್ಷೆವರೆಗಾದ್ರೂ ಕಾಲ ಇತ್ತು. ಅದೂ ಹೋಯ್ತು."

ಚಿಕ್ಕಮ್ಮನ ದನಿ ಅಷ್ಟು ಏರಿದ್ದನ್ನು ನಾನು ಕೇಳಿಯೇ ಇರಲಿಲ್ಲ. ನಿಜ ಹೇಳಿದರೆ ಒಳ್ಳೆಯದಾಗುತ್ತದೆ ಎಂದು ಎಲ್ಲಿ ಕಲಿತೆನೋ. ಸ್ಕೂಲಿನಲ್ಲಂತೂ ಅಲ್ಲ.

ಮಾರ್ಚ್ ೧೫, ಗುರುವಾರ

ಕಲ್ಕತ್ತಾ ಕ್ರಿಕೆಟ್ ಟೆಸ್ಟ್ ನಮ್ಮವರು ಗೆದ್ದರಂತೆ, ಫಾಲೋ ಆನ್ ಆದ ಮೇಲೂ. ಊರೆಲ್ಲ ಅದೇ ಮಾತು. ನಾನು ರೇಡಿಯೋ ಬಿಟ್ಟು ಹೊಳೆ ಮೆಟ್ಟಿಲಲ್ಲಿದ್ದೆ. ಮೊನ್ನೆಯಿಂದ ಪಾಠ ಅಲ್ಲಿ ನಡೆಯುತ್ತಿದೆ. ಶರ್ವಾಣಿ ಬಟ್ಟೆ ಜಾಲಿಸುವ ನೆಪದಲ್ಲಿ ಬರುತ್ತಾಳೆ. ಯಶಸ್ ಯಾವ ನೆಪವೂ ಇಲ್ಲದೆ ಓಡಿ ಬರುತ್ತಾನೆ. ಅವನಿಗೆ ಲೆಕ್ಕ ಬೇಕಿಲ್ಲ, ಜೊತೆ ಬೇಕು. ಹೂವಿನ ಲಕ್ಕಮ್ಮನೂ ತನ್ನ ಮೊಮ್ಮಗನನ್ನು ತಂದು ಕೂರಿಸಿ, "ಇದ್ಕೂ ಒಸಿ ಏಳ್ಕೊಡಿ ಸಾಮಿ, ಎಂಗೂ ಬಸ್ಸತ್ತಕಿಲ್ವಲ್ಲ" ಎಂದು ಹೋದಳು.

ಶರ್ವಾಣಿ ಇವತ್ತು ಕೇಳಿದ್ದು: ಒಂದು ತಿಂಗಳಲ್ಲಿ ಅರ್ಧ ಎಂದರೆ ವರ್ಷದಲ್ಲಿ ಎಷ್ಟು? ಇಪ್ಪತ್ತನಾಲ್ಕರಲ್ಲೊಂದು ಎಂದು ಮಾಡಿ ತೋರಿಸಿದೆ. ಅದನ್ನು ಹನ್ನೆರಡರಲ್ಲೊಂದಕ್ಕೆ ಕೂಡಿಸಿದರೆ ಎಷ್ಟು ಎಂದಳು. ಕೂಡುವುದು ನಿಮಗೆ ಈ ವರ್ಷ ಇಲ್ಲವಲ್ಲೇ ಎಂದರೆ, ಅಮ್ಮ ಕೇಳಿಕೊಂಡು ಬಾ ಅಂದರು ಎಂದಳು. ನನಗೇ ಮರೆತಿತ್ತು. ಎರಡು ಸಲ ತಪ್ಪು ಮಾಡಿ ಮೂರನೆಯ ಸಲಕ್ಕೆ ಉತ್ತರ ತಂದೆ. ಎಂಟರಲ್ಲೊಂದು.

ಮಾರ್ಚ್ ೨೬, ಸೋಮವಾರ, ಯುಗಾದಿ



ಪಂಚಾಂಗ ಓದಿದ ಮೇಲೆ ವರ್ಷದ ಪಾಳಿ ಹೇಳುವುದು ಪದ್ಧತಿ. ಗುಡಿಯ ಮುಖಮಂಟಪದಲ್ಲಿ ನಾಲ್ಕು ಮನೆತನದ ಗಂಡಸರು ಕೂತಿದ್ದರು, ಹೆಂಗಸರು ಕಂಬಗಳ ಹಿಂದೆ. ಎಲ್ಲರಿಗಿಂತ ಹಿರಿಯರಾದ ಗುಂಡಯ್ಯನವರು ಒಂದೊಂದೇ ಮನೆತನದ ಹೆಸರು ಹೇಳುತ್ತಾ ಬಂದರು. ನಮ್ಮ ಸರದಿ ಬಂದಾಗ ದೊಡ್ಡಪ್ಪ, ಹೋದ ವರ್ಷದ ಹಾಗೇ ಎರಡು ಪಾಲು ಎಂದರು.

ನಾನು ಎದ್ದು ಮೂರು ಎಂದೆ.

ಅಪ್ಪ ನನ್ನ ಪಂಚೆಯ ಅಂಚು ಹಿಡಿದು ಜಗ್ಗಿದರು. ಕೂರಲಿಲ್ಲ. ತಾತನಿಗೆ ಮೂವರು ಮಕ್ಕಳು, ಶ್ರಾವಣ ಸಂಪತ್ಕುಮಾರ ಚಿಕ್ಕಪ್ಪನದು, ಈ ವರ್ಷದಿಂದ ಅದು ಕಾವೇರಮ್ಮ ಚಿಕ್ಕಮ್ಮನಿಗೆ ಸೇರಬೇಕು, ಬಿಟ್ಟುಕೊಡುವವರಲ್ಲಿ ನಾನೂ ಒಬ್ಬ ಎಂದೆ. ಗುಂಡಯ್ಯನವರು ಪಂಚಾಂಗ ಮಡಿಚಿ ಕೆಳಗಿಟ್ಟರು. ಆಮೇಲೆ, ಹುಡುಗ ಹೇಳುವುದು ಸರಿ, ನಾವೆಲ್ಲ ನೋಡಿಯೂ ಕೇಳಲಿಲ್ಲ ಎಂದರು. ಇನ್ನು ಆ ತಿಂಗಳ ಪೂಜೆ ಯಾರು ಮಾಡುತ್ತಾರೆ ಎಂದು ಕೇಳಿದರು. ನಾನು ಮಾಡುತ್ತೇನೆ ಎಂದೆ. ಅಷ್ಟು ಮುಂದೆ ಯೋಚಿಸಿರಲಿಲ್ಲ, ಬಾಯಿಗೆ ಬಂತು.

ದೊಡ್ಡಪ್ಪ ನಕ್ಕರು. "ಈಗ ತಿಳೀತು ನೋಡಿ ಲೆಕ್ಕ. ಭಾದ್ರಪದ ಅವನದು, ಶ್ರಾವಣವೂ ಅವನ ಕೈಗೆ. ಒಂದೂವರೆ ತಿಂಗಳು ಇದ್ದದ್ದು ಎರಡಾಯ್ತು. ಧರ್ಮದ ಮಾತು ಸುಮ್ಮನೆ ಬರಲ್ಲ."

ಮಂಟಪದ ತುಂಬ ಗುಸುಗುಸು. ಆ ಕಡೆಯಿಂದ ನಾನು ನೋಡಿಯೇ ಇರಲಿಲ್ಲ. ಪೂಜೆಯ ದಿನಗಳ ಲೆಕ್ಕ ಮಾತ್ರ ಅವರು ಹೇಳಿದ ಹಾಗೇ ಇತ್ತು, ಅರ್ಧ ಚಿಕ್ಕಮ್ಮನಿಗೆ ಕೊಟ್ಟರೂ ನನ್ನ ಪಾಲು ಒಂದು ಕಾಸೂ ಇಳಿಯುತ್ತಿರಲಿಲ್ಲ.

ಆಗ ಕಂಬದ ಹಿಂದಿನಿಂದ ಚಿಕ್ಕಮ್ಮ ಮುಂದೆ ಬಂದರು. ಸೆರಗು ಹೊದ್ದು, ತಲೆ ತಗ್ಗಿಸಿಕೊಂಡೇ ಮಾತಾಡಿದರು. ಆದರೂ ಒಂದು ಅಕ್ಷರವೂ ಯಾರ ಕಿವಿಗೂ ತಪ್ಪಲಿಲ್ಲ.

"ಯಾರು ಮಾಡಬೇಕು ಅನ್ನೋದು ಆ ಮನೆಯವರು ಒಪ್ಪಿದ ಹಾಗೆ ಅಂತ ಪದ್ಧತಿ ಇದೆ. ನಮ್ಮ ಭಾವನೋರೇ ಮಾಡ್ಲಿ. ಬಂದದ್ದರಲ್ಲಿ ಅರ್ಧ ಅವರಿಗೆ, ಅರ್ಧ ನಂಗೆ. ಮುಂದಿನ ಯುಗಾದಿಗೆ ಮತ್ತೆ ನೋಡೋಣ, ಅವರೇ ಮಾಡ್ಬೇಕೋ ಬೇರೆಯವರೋ ಅಂತ. ಅಲ್ಲೀವರೆಗೆ ನಾನು ಅರಕಲಗೂಡಿಗೆ ಹೋಗಲ್ಲ. ಮಗಳು ಇಲ್ಲೇ ಓದ್ತಾಳೆ."

ಮೊದಲು ಯಾರಿಗೂ ತಿಳಿಯಲಿಲ್ಲ. ದೊಡ್ಡಪ್ಪ ಬೆರಳು ಮಡಿಚಿ ಎಣಿಸಿದರು. ಆಷಾಢ ಅವರದು ಹಾಗೇ ಇದೆ. ಶ್ರಾವಣದಲ್ಲಿ ಅರ್ಧ ಮೊದಲೂ ಬರುತ್ತಿತ್ತು, ಈಗಲೂ ಬರುತ್ತದೆ. ಅವರಿಗೆ ಹೋದದ್ದು ಏನೂ ಇಲ್ಲ. ಹದಿನೈದು ದಿನ ಹೆಚ್ಚು ಆರತಿ ಎತ್ತಬೇಕು, ಅಷ್ಟೇ. ಬೇಡ ಎನ್ನಲು ಅವರಿಗೆ ಬಾಯಿಯೇ ಇರಲಿಲ್ಲ. ಚಿಕ್ಕಮ್ಮನನ್ನು ಮನೆಯಿಂದ ಕಳಿಸುವ ಹಾಗೂ ಇಲ್ಲ. ಕಳಿಸಿದರೆ ಮುಂದಿನ ವರ್ಷ ಶ್ರಾವಣ ಬೇರೆಯವರ ಕೈಗೆ. ಆಗಲಿ ಎಂದುಬಿಟ್ಟರು.

ಚಿಕ್ಕಮ್ಮನ ಅರ್ಧ ಶ್ರಾವಣ ಎಲ್ಲಿಂದ ಬಂತು? ಅದನ್ನು ನಾನು ಎಣಿಸಿದ್ದು ಎಲ್ಲರಿಗಿಂತ ಕೊನೆಗೆ. ಪೂರಾ ನಮ್ಮ ಮನೆಯಿಂದ. ನಮಗೆ ಉಳಿದದ್ದು ಭಾದ್ರಪದ ಒಂದೇ.

ಪ್ರಸಾದ ಹಂಚುವಾಗ ಚಿಕ್ಕಮ್ಮನ ಪಕ್ಕ ನಿಂತು, ನನ್ನನ್ನು ಯಾಕೆ ಒಪ್ಪಲಿಲ್ಲ ಎಂದು ಕೇಳಿಯೇಬಿಟ್ಟೆ.

"ನಿನ್ನ ಮಾತು ನಂಬ್ತೀನಿ ಕಣೋ," ಎಂದರು. "ನೀನು ಇಲ್ಲಿರ್ತೀಯ ಅಂತ ನಂಬಲ್ಲ. ಶ್ರಾವಣದ ನಡುವೆ ಎದ್ದು ಹೋದ್ರೆ ನಾನು ಯಾರನ್ನ ಹುಡುಕ್ಲಿ?"

ಅವರು ಬೈದದ್ದಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚ್ ೨೭, ಮಂಗಳವಾರ

ಅಪ್ಪ ಮಾತಾಡುತ್ತಿಲ್ಲ. ಅಮ್ಮ ನಿನ್ನೆಯ ಹೋಳಿಗೆಯನ್ನು ತಟ್ಟೆಗೆ ಹಾಕಿ ನನ್ನ ಮುಂದೆ ತಳ್ಳಿ ಹೋದರು.

ಅರಕಲಗೂಡಿನ ಬಸ್ಸು ಹೋದ ಸದ್ದು ಜಗಲಿಗೇ ಕೇಳಿತು. ಆಗ ಆ ಕಡೆ ಅಡುಗೆಮನೆಯಲ್ಲಿ ಚಿಕ್ಕಮ್ಮ ಒಗ್ಗರಣೆ ಹಾಕುತ್ತಿದ್ದರು.

ದೊಡ್ಡಪ್ಪ ತಾವಾಗಿಯೇ ಯಶಸ್‌ನನ್ನು ಕಳಿಸಿದರು, ಮುಖ ಬೇರೆ ಕಡೆ ತಿರುಗಿಸಿಕೊಂಡು. ಶರ್ವಾಣಿಯೂ ಬಂದಳು, ಲಕ್ಕಮ್ಮನ ಮೊಮ್ಮಗನೂ ಬಂದ. ಪಕ್ಕದ ಬೀದಿಯ ಇಬ್ಬರು ಯಾರೋ ಬಂದು ಕೂತಿದ್ದಾರೆ, ಹೆಸರು ಇನ್ನೂ ಕೇಳಿಲ್ಲ. ಸೀಮೆಸುಣ್ಣ ಸಾಲುವುದಿಲ್ಲ.

ಯಶಸ್‌ಗೆ ಒಂದೇ ಚಿಂತೆ. ನಿನ್ನೆ ಯಾರಿಗೆ ಎಷ್ಟಾಯಿತು? ನೀನೇ ಬರೆದು ನೋಡು ಎಂದೆ. ಹನ್ನೆರಡು ಮನೆ ಬರೆದ. ಆಷಾಢದಲ್ಲಿ ತನ್ನಪ್ಪನ ಹೆಸರು ಬರೆದು, ಶ್ರಾವಣವನ್ನು ಸೀಳಿ ಒಂದು ಕಡೆ ತನ್ನಪ್ಪ, ಇನ್ನೊಂದು ಕಡೆ ಶರ್ವಾಣಿಯ ಅಮ್ಮ ಎಂದು ಬರೆದ. ಭಾದ್ರಪದದಲ್ಲಿ ನನ್ನ ಹೆಸರು. ನನ್ನ ಮನೆಯ ಮೇಲೆ ಬೆರಳಿಟ್ಟು, ಹನ್ನೆರಡನ್ನೂ ಮತ್ತೆ ಎಣಿಸಿದ.

"ಮುರಳಣ್ಣ, ನಿಮ್ಮದು ಎಂಟರಲ್ಲೊಂದು ಇತ್ತು. ಈಗ ಹನ್ನೆರಡರಲ್ಲೊಂದು."

ಹೌದು ಎಂದೆ.

"ಹಾಗಾದ್ರೆ ನಿಮ್ಮದು ಕಮ್ಮಿ ಆಯ್ತಲ್ಲ."

ನಾನು ದಂಗಾಗಿ ಅವನನ್ನು ನೋಡಿದೆ. ಹನ್ನೆರಡು ಎಂಟಕ್ಕಿಂತ ದೊಡ್ಡದಲ್ಲವೇನೋ ಎಂದು ಬೇಕೆಂದೇ ಕೆಣಕಿದೆ.

"ಅಯ್ಯೋ ಅಣ್ಣ, ಎಷ್ಟು ಜನಕ್ಕೆ ಹಂಚ್ತೀವೋ ಅಷ್ಟು ಚಿಕ್ಕದಾಗುತ್ತೆ. ನಿಂಗೆ ಅದೂ ಗೊತ್ತಿಲ್ವಾ?"

ಸರಿ ಎಂದು ಗುರುತು ಹಾಕಿಕೊಟ್ಟೆ. ಅವನ ಪರೀಕ್ಷೆಗೆ ಇನ್ನು ಒಂದು ವಾರ ಇದೆ. ನಾಳೆ ಆರರಲ್ಲೊಂದು, ಮೂರರಲ್ಲೊಂದು. ಬಂದ ಹೊಸಬರಿಗೆ ಮೊದಲಿನಿಂದ ಶುರು ಮಾಡಬೇಕು, ದೋಸೆಯಿಂದಲೇ. ಚಿಕ್ಕಮ್ಮನಿಗೆ ಹಿಟ್ಟು ಜಾಸ್ತಿ ರುಬ್ಬಲು ಹೇಳಬೇಕು.